ಖಾಲಿ ಪೆಟ್ಟಿಗೆಯಲ್ಲಿ ಒಂಬತ್ತರ ವಾರ್ತೆ

ಸೋಮವಾರ ರಾತ್ರಿ ಎಂಟು ಗಂಟೆಗೆ ಬಸ್ ನಿಲ್ದಾಣದ ಅನೌನ್ಸರ್ ಮನೆಯ ಟೀವಿಯಲ್ಲಿ ಏನೂ ಬರಲಿಲ್ಲ. ಟೀವಿ ಕೆಟ್ಟಿರಲಿಲ್ಲ, ಕರೆಂಟೂ ಇತ್ತು. ಬೆಳಿಗ್ಗೆ ಡ್ಯೂಟಿಗೆ ಹೋಗುವಾಗ ಅವನೇ ಕೇಬಲ್ ಆಫೀಸಿನ ಮೆಟ್ಟಿಲು ಹತ್ತಿ, ಇನ್ನು ಮುಂದೆ ಕನೆಕ್ಷನ್ ಬೇಡ ಎಂದು ಹೇಳಿ ಬಂದಿದ್ದ. ಮನೆಯಲ್ಲಿ ಯಾರಿಗೂ ತಿಳಿಸಿರಲಿಲ್ಲ.

ಅವನ ವಾದ ಸರಳವಾಗಿತ್ತು. ಕೇಬಲ್ ದರ ವರ್ಷವರ್ಷಕ್ಕೂ ಏರುತ್ತಿತ್ತು, ಅದರ ಜೊತೆಗೆ ಚಾನೆಲ್‌ಗಳೂ ಏರುತ್ತಿದ್ದವು. ಮನೆಯಲ್ಲಿ ಯಾರಿಗೂ ಬಾರದ ಭಾಷೆಯಲ್ಲಿ ಅಡುಗೆ ಹೇಳಿಕೊಡುವವರು, ಯಾರಿಗೂ ಗೊತ್ತಿಲ್ಲದ ಆಟದಲ್ಲಿ ಸೋಲುವವರು, ಹಗಲಿಡೀ ಒಡವೆ ತೋರಿಸುವವರು, ಇವರೆಲ್ಲರನ್ನೂ ಅವನೇ ಸಾಕಬೇಕಾಗಿತ್ತು. ಟೀವಿ ನೋಡುತ್ತಿದ್ದವಳು ಅಮ್ಮ ಒಬ್ಬಳು. ಅದೂ ಎರಡೇ ಕಾರ್ಯಕ್ರಮ, ಎಂಟರ ಧಾರಾವಾಹಿ ಮತ್ತು ಒಂಬತ್ತರ ವಾರ್ತೆ. ಇಷ್ಟಕ್ಕೆ ಅಗ್ಗದ ದಾರಿ ಒಂದಲ್ಲ ಒಂದು ಸಿಕ್ಕೇ ಸಿಗುತ್ತದೆ ಎಂದು ಅವನು ನಂಬಿದ್ದ.

ಅಮ್ಮ ಕೂತಲ್ಲಿಂದ ಅಲುಗಲಿಲ್ಲ. ಮಡಿಲಲ್ಲಿ ಯಾರದೋ ಪ್ಯಾಂಟು ಇತ್ತು. ಸೊಸೆ ಮುಂದಿನ ಕೋಣೆಯಲ್ಲಿ ಬಟ್ಟೆ ಆಲ್ಟರೇಶನ್ ಮಾಡುತ್ತಿದ್ದಳು, ಹಳೆಯ ಹೊಲಿಗೆ ಬಿಚ್ಚಿಕೊಡುವುದು ಅಮ್ಮನ ಪಾಲು. ಅಮ್ಮನ ಕೈ ಟೀವಿಯ ಜೊತೆಗೇ ಓಡುತ್ತಿತ್ತು. ಧಾರಾವಾಹಿಯ ಅತ್ತೆ ಸೊಸೆಯ ಮೇಲೆ ಒಂದು ಸಲ ಅನುಮಾನಪಡುವಷ್ಟರಲ್ಲಿ ಇವಳು ಒಂದು ಪ್ಯಾಂಟಿನ ಅಂಚು ಬಿಚ್ಚಿ ಮುಗಿಸಿರುತ್ತಿದ್ದಳು. ಟೀವಿ ನಿಂತರೆ ಕೈಯೂ ನಿಲ್ಲುತ್ತಿತ್ತು. ಅವತ್ತು ಬ್ಲೇಡು ಹಿಡಿದ ಕೈ ಎಂಟರಿಂದ ಒಂಬತ್ತರವರೆಗೆ ಗಾಳಿಯಲ್ಲೇ ಇತ್ತು.

ಒಂಬತ್ತಕ್ಕೆ ಅಮ್ಮ ಮಾತಾಡಿದಳು.

"ಚಿಕ್ಕವನಿಗೆ ಫೋನ್ ಮಾಡ್ತೀನಿ. ಅವನ ಮನೇಲಿ ಗೋಡೆ ತುಂಬಾ ಟೀವಿ ಇದೆ. ಬಂದು ಕರ್ಕೊಂಡು ಹೋಗ್ಲಿ."

ಚಿಕ್ಕ ಮಗ ಬೇರೆ ಊರಿನಲ್ಲಿ ಟೀವಿ ಶೋರೂಮಿನ ಮಾರಾಟಗಾರ. ರಿಯಾಯಿತಿ ಮಾರಾಟ ನಡೆಯುತ್ತಿದೆ, ಅದು ಮುಗಿದ ಮೇಲಿನ ಭಾನುವಾರ ಖಂಡಿತ ಬರುತ್ತೇನೆ, ಇನ್ನು ನೀನು ಅಲ್ಲೇ ಇದ್ದುಬಿಡು ಎಂದು ಅವನು ಸಂತೋಷದಿಂದ ಹೇಳಿದ. ಅಮ್ಮ ಆಯಿತು ಎಂದಳು. ಅಮ್ಮ ಒಂದು ಸಲ ಆಯಿತು ಎಂದರೆ ಮುಗಿಯಿತು. ಅದನ್ನು ಹಿಂದಕ್ಕೆ ತೆಗೆದುಕೊಂಡದ್ದು ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ.

ಅಮ್ಮ ಹೋಗುವುದು ಅನೌನ್ಸರ್‌ಗೆ ಬೇಡವಾಗಿತ್ತು. ಅವನು ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ಕೂತು ದಿನವಿಡೀ ಮಾತಾಡುವವನು. ಸಾವಿರಾರು ಜನ ಕೇಳುತ್ತಿದ್ದರು, ಒಬ್ಬರೂ ಮರುಮಾತಾಡುತ್ತಿರಲಿಲ್ಲ. ಮನೆಯಲ್ಲಿ ಹೆಂಡತಿಯ ಬಾಯಲ್ಲಿ ಸದಾ ಗುಂಡುಸೂಜಿ. ಅವನು ಚಪ್ಪಲಿ ಬಿಡುವಾಗ "ಬಂದ್ಯಾ?" ಎನ್ನುವ ಧ್ವನಿ ಅಮ್ಮನದು ಮಾತ್ರ. ಹಿಂದೊಮ್ಮೆ ಅಮ್ಮ ಚಿಕ್ಕವನ ಮನೆಗೆ ಹೋಗಿದ್ದಾಗ, ಇವನು ಸಂಜೆ ಬಾಗಿಲಲ್ಲಿ ನಿಂತು ತನಗೆ ತಾನೇ "ಬಂದೆ" ಎಂದು ಹೇಳಿಕೊಂಡು ಒಳಗೆ ಹೋಗಬೇಕಾಗಿತ್ತು.

ಆದರೆ ಹೋಗಬೇಡ ಎಂದು ಅಮ್ಮನಿಗೆ ಹೇಳುವುದು ಅವನಿಂದಾಗಲಿಲ್ಲ. ಅವನ ಕೆಲಸದಲ್ಲಿ ಮೂರು ಕಟ್ಟುಪಾಡುಗಳಿದ್ದವು. ಏನೇ ಹೇಳಿದರೂ ಎರಡು ಸಲ ಹೇಳಬೇಕು. ಬಸ್ಸನ್ನು ಕಣ್ಣಾರೆ ಕಾಣದೆ ಅದು ಬಂದಿದೆ ಎನ್ನಬಾರದು. ತಡವಾದರೂ ರದ್ದಾದರೂ ಕಾರಣ ಹೇಳಬಾರದು, ಯಾಕೆಂದರೆ ಕಾರಣ ಹೇಳಿದರೆ ಜನ ಜಗಳಕ್ಕೆ ಬರುತ್ತಾರೆ. ಇಷ್ಟು ವರ್ಷ ಹೀಗೇ ಬದುಕಿ ಅವನ ಬಾಯಿ ಸಮಾಚಾರಕ್ಕೆ ಮಾತ್ರ ತೆರೆಯುವಂತಾಗಿತ್ತು. ಬೇಡಿಕೊಳ್ಳುವ ಮಾತು ಅದರಲ್ಲಿ ಹೊರಡುತ್ತಿರಲಿಲ್ಲ.

ಹೀಗಾಗಿ ಅವನು ಅಗ್ಗದ ದಾರಿಗಳನ್ನು ಹುಡುಕಿದ. ಮೊದಲು ಗುಜರಿಯಿಂದ ಒಂದು ಆಂಟೆನಾ ತಂದು ತಾರಸಿಗೆ ಕಟ್ಟಿದ. ಅದರಲ್ಲಿ ಒಂದೇ ಚಾನೆಲ್ ಬಂತು. ಅಲ್ಲಿ ಒಬ್ಬರು ಹಸುವಿನ ಕಾಲುಬೇನೆಯ ಬಗ್ಗೆ ನಿಧಾನವಾಗಿ ಮಾತಾಡುತ್ತಿದ್ದರು. ಅಮ್ಮ ಅದನ್ನೂ ನೋಡಿದಳು, ಆದರೆ ಹೊಲಿಗೆ ಬಿಚ್ಚಲಿಲ್ಲ. ಆಮೇಲೆ ಫೋನಿನಲ್ಲಿ ಧಾರಾವಾಹಿ ಹಾಕಿಕೊಟ್ಟ. ಅಮ್ಮ ಅದನ್ನು ಕಿವಿಗೆ ಹಿಡಿದು, ಯಾರು ಮಾತಾಡೋದು ಎಂದು ಕೇಳಿ, ಉತ್ತರ ಬಾರದ್ದರಿಂದ ಇಟ್ಟುಬಿಟ್ಟಳು. ಕೊನೆಗೆ ಟೀವಿ ರಿಪೇರಿಯವನು ಬಂದ. ಆಂಟೆನಾಕ್ಕೆ ಹೊಂದುವಂತೆ ಮಾಡಿಕೊಡುತ್ತೇನೆ ಎಂದು ಹಳೆಯ ಡಬ್ಬದಂಥ ಟೀವಿಯ ಬೆನ್ನು ಬಿಚ್ಚಿ, ಗಾಜಿನ ಟ್ಯೂಬೂ ಸೇರಿದಂತೆ ಹೊಟ್ಟೆಯೊಳಗಿನದ್ದೆಲ್ಲ ಗೋಣಿಗೆ ತುಂಬಿಕೊಂಡು ಅಂಗಡಿಗೆ ಒಯ್ದ. ಬರೀ ಪೆಟ್ಟಿಗೆ ಮೇಜಿನ ಮೇಲೆ ಉಳಿಯಿತು, ಮುಂದೆ ಚೌಕದ ತೂತು, ಹಿಂದೆ ಕಿಟಕಿ.

ಆ ರಾತ್ರಿ ಒಂಬತ್ತಕ್ಕೆ ಅಮ್ಮ ಅಭ್ಯಾಸಬಲದಿಂದ ಪೆಟ್ಟಿಗೆಯ ಮುಂದೆ ಬಂದು ಕೂತಳು. ಅನೌನ್ಸರ್ ಆಗ ಪೆಟ್ಟಿಗೆಯ ಹಿಂದೆ ಮಂಡಿಯೂರಿದ್ದ. ರಿಪೇರಿಯವನು ಒಂದು ಸ್ಕ್ರೂ ಒಳಗೇ ಬೀಳಿಸಿ ಹೋಗಿದ್ದ. ಅದನ್ನು ಹುಡುಕಲು ಹಿಂದಿನಿಂದ ತಲೆ ತೂರಿಸಿದ, ಸ್ಕ್ರೂ ಸಿಗಲಿಲ್ಲ, ತಲೆ ಎತ್ತಿದ. ಚೌಕದಾಚೆ ಅಮ್ಮ ಕಂಡಳು. ಅಮ್ಮನಿಗೆ ಇವನು ಕಂಡ.

"ಸೌಂಡ್ ಇಲ್ಲ," ಎಂದಳು ಅಮ್ಮ. ರಿಮೋಟ್ ಎತ್ತಿ ಗುಂಡಿ ಒತ್ತಿದಳು.

ಅನೌನ್ಸರ್ ಗಂಟಲು ಸರಿಮಾಡಿಕೊಂಡ. ಯಾಕೆಂದು ಅವನಿಗೂ ತಿಳಿಯಲಿಲ್ಲ. ಬಹುಶಃ ತೂತಿನಾಚೆ ಕಾಯುತ್ತಿರುವ ಮುಖ ಕಂಡರೆ ಸುಮ್ಮನಿರುವುದು ಅವನ ಕಸುಬಿನವರಿಂದ ಆಗದು.

"ವೀಕ್ಷಕರ ಗಮನಕ್ಕೆ," ಎಂದ. "ತಾರಸಿಯ ನೀರಿನ ಟ್ಯಾಂಕಿನ ಮುಚ್ಚಳ ಇಂದು ಮಧ್ಯಾಹ್ನ ಸಿಕ್ಕಿದೆ. ತಾರಸಿಯ ನೀರಿನ ಟ್ಯಾಂಕಿನ ಮುಚ್ಚಳ ಇಂದು ಮಧ್ಯಾಹ್ನ ಸಿಕ್ಕಿದೆ."

ಮುಚ್ಚಳ ಕಾಣೆಯಾದದ್ದು ಅಮ್ಮನಿಗೆ ಗೊತ್ತಿತ್ತು, ಸಿಕ್ಕಿದ್ದು ಗೊತ್ತಿರಲಿಲ್ಲ. ಅವಳು ಪ್ಯಾಂಟನ್ನು ಮಡಿಲಿಗೆಳೆದುಕೊಂಡು ಬ್ಲೇಡು ಹಿಡಿದಳು. ಮೀನಂಗಡಿಯ ಮುಂದಿನ ರಸ್ತೆ ಅಗೆದದ್ದು, ಕೆಳಗಿನ ಮನೆಯ ಬೀಗದ ರಿಪೇರಿಯವರು ತಮ್ಮದೇ ಮನೆಯ ಕೀಲಿ ಕಳೆದುಕೊಂಡು ಹೊರಗೆ ನಿಂತದ್ದು, ನಿಲ್ದಾಣದಲ್ಲಿ ಒಬ್ಬಳು ತಪ್ಪು ಬಸ್ಸು ಹತ್ತಿ ಸರಿಯಾದ ಊರು ತಲುಪಿದ್ದು, ಎಲ್ಲವನ್ನೂ ಅವನು ಎರಡೆರಡು ಸಲ ಹೇಳಿದ. ವಾರ್ತೆ ಮುಗಿಯುವಷ್ಟರಲ್ಲಿ ಎರಡು ಅಂಚು ಬಿಚ್ಚಿಯಾಗಿತ್ತು.

"ಇವನು ಕಿರುಚಲ್ಲ," ಎಂದಳು ಅಮ್ಮ ಸೊಸೆಗೆ. "ಆ ಹಳೇ ಚಾನೆಲ್‌ನವರು ಬರೀ ಕಿರುಚ್ತಿದ್ರು."

ಅದು ತನ್ನ ಮಗನೆಂದು ಅಮ್ಮನಿಗೆ ಗೊತ್ತಿರಲಿಲ್ಲವೆಂದಲ್ಲ. ವಾರ್ತೆ ಮುಗಿದ ಮೇಲೆ ಅವನು ಪೆಟ್ಟಿಗೆಯಿಂದ ತಲೆ ತೆಗೆದು ಊಟಕ್ಕೆ ಬಂದರೆ, ತಟ್ಟೆ ಇಟ್ಟು, ಬೆನ್ನು ನೋಯುತ್ತಾ ಎಂದು ಕೇಳುತ್ತಿದ್ದಳು. ಆದರೆ ಪೆಟ್ಟಿಗೆಯೊಳಗೆ ಇದ್ದಷ್ಟು ಹೊತ್ತು ಅವನು ಟೀವಿ, ರಿಮೋಟ್ ಅವಳ ಕೈಯಲ್ಲಿತ್ತು. ಸೌಂಡ್ ಏರಿಸಿದರೆ ಅವನು ಜೋರಾಗಿ ಓದಬೇಕು, ತೆಗೆದರೆ ಬರೀ ತುಟಿ ಆಡಿಸಬೇಕು. ಒಂದು ದಿನ ಅವನಿಗೆ ಕೋಪ ಬಂದು, ಗುಂಡಿ ಒತ್ತಿದರೂ ನಿಲ್ಲದೆ ಓದಿದ. ಅಮ್ಮ ಎದ್ದು ಬಂದು ಪೆಟ್ಟಿಗೆಯ ತಲೆಯ ಮೇಲೆ ಎರಡೇಟು ಕೊಟ್ಟಳು. ಆಮೇಲೆ ಸರಿಯಾಗಿ ಕೆಲಸ ಮಾಡಿದ. ಒಂದೇ ಒಂದು ವಿಷಯ ಅವನನ್ನು ಕೊರೆಯುತ್ತಿತ್ತು. ವಾರ್ತೆಯ ಹೊತ್ತಿಗೆ ಬಂದು ಅವನು ಚಪ್ಪಲಿ ಬಿಟ್ಟು ಅವಸರದಲ್ಲಿ ನೇರವಾಗಿ ಪೆಟ್ಟಿಗೆಗೆ ತಲೆ ಕೊಡುತ್ತಿದ್ದುದರಿಂದ ಅಮ್ಮ "ಬಂದ್ಯಾ?" ಎನ್ನುತ್ತಿರಲಿಲ್ಲ. "ಬಂತು," ಎನ್ನುತ್ತಿದ್ದಳು.

ಎಂಟರ ಧಾರಾವಾಹಿಯನ್ನು ಹೆಂಡತಿ ವಹಿಸಿಕೊಂಡಳು. ಅವಳಿಗೆ ಅತ್ತೆ ಹೋದರೆ ಹೊಲಿಗೆ ಬಿಚ್ಚುವವರಿರಲಿಲ್ಲ, ಜೊತೆಗೆ ಹೇಳಬೇಕೆಂದು ಗಂಟಲಲ್ಲಿ ನಿಂತ ಮಾತುಗಳೂ ಬೇಕಾದಷ್ಟಿದ್ದವು. ಆಲ್ಟರೇಶನ್‌ಗೆ ಬಂದ ಬಟ್ಟೆಗಳೇ ಅವಳ ಕೈಯಲ್ಲಿ ಪೆಟ್ಟಿಗೆಯೊಳಗೆ ಆಡುವ ಪಾತ್ರಗಳಾದವು. ಬೂದು ಕೋಟು ಮಾವ, ಹಸಿರು ಸ್ವೆಟರ್ ಅತ್ತೆ, ಶಾಲೆಯ ಸಮವಸ್ತ್ರ ಸೊಸೆ. ಕೋಟಿನ ಒಡೆಯ ಕೋಟು ಕೇಳಲು ಬಂದಾಗ ಹೆಂಡತಿ ಇನ್ನೂ ಕೊಡಲಾಗದು ಎಂದಳು. ಕೋಟು ಆಸ್ಪತ್ರೆಯಲ್ಲಿತ್ತು, ಉಳಿಯುವುದೋ ಇಲ್ಲವೋ ಗುರುವಾರ ತಿಳಿಯುತ್ತಿತ್ತು. ಆ ಮನುಷ್ಯ ಗುರುವಾರ ಹೆಂಡತಿಯನ್ನೂ ಕರೆದುಕೊಂಡು ಬಂದು, ಕುರ್ಚಿ ಕೇಳಿ ಪಡೆದು, ತನ್ನ ಕೋಟು ಸಾಯುವುದನ್ನು ಪೂರ್ತಿ ನೋಡಿದ. ಹೋಗುವಾಗ, ಫ್ಲ್ಯಾಶ್‌ಬ್ಯಾಕಿಗೆ ಬೇಕಾದೀತು, ಇಲ್ಲೇ ಇರಲಿ ಎಂದು ಬಿಟ್ಟುಹೋದ.

ಅತ್ತೆ ಸ್ವೆಟರ್ ಮಾತ್ರ ಅಮ್ಮನಿಗೆ ಒಪ್ಪಿಗೆಯಾಗಲಿಲ್ಲ. ಅದು ಸೊಸೆ ಸಮವಸ್ತ್ರಕ್ಕೆ ಉಪ್ಪು ಹೆಚ್ಚು, ಖಾರ ಕಡಿಮೆ ಎಂದು ದಿನಾ ಕೊಂಕು ತೆಗೆಯುತ್ತಿತ್ತು. ಹೆಂಡತಿ ಬೇಕೆಂದೇ ತನ್ನ ಅತ್ತೆಯ ಮಾತುಗಳನ್ನೇ ಅವಳ ಧಾಟಿಯಲ್ಲೇ ಸ್ವೆಟರಿನಿಂದ ಹೇಳಿಸುತ್ತಿದ್ದಳು. ಅಮ್ಮ ಮೂರು ದಿನ ಸಹಿಸಿದಳು.

"ಈ ಅತ್ತೆಗೆ ಬೆನ್ನುಮೂಳೇನೇ ಇಲ್ಲ," ಎಂದಳು ಕೊನೆಗೆ. "ಉಪ್ಪು ಜಾಸ್ತಿಯಾದ್ರೆ ತಟ್ಟೆ ತಳ್ಳಿ ಎದ್ದು ಹೋಗ್ಬೇಕು. ಇದೇನು, ಗೊಣಗಿಕೊಂಡು ತಿನ್ನೋದು?"

"ಮನೇಲಿ ನೀವೂ ಹಾಗೇ ಅಲ್ವಾ ಅತ್ತೆ, ಗೊಣಗಿಕೊಂಡು ತಿನ್ನೋದು," ಎಂದಿತು ಸಮವಸ್ತ್ರ, ಪೆಟ್ಟಿಗೆಯ ಒಳಗಿನಿಂದ.

"ನಾನು ಹಾಗೇನೇ. ನಾನೇನು ಧಾರಾವಾಹೀಲಿ ಇದೀನಾ?"

ಕೋಟಿನವನ ಬಾಯಿಂದ ಸುದ್ದಿ ಬೀದಿಗೆ ಹರಡಿತು. ಬೀಗದ ರಿಪೇರಿಯವರು ಹೆಂಡತಿಯ ಜೊತೆ ಬಂದರು, ಜಾಹೀರಾತಿನ ಸಮಯದಲ್ಲಿ ತಾವೇ ಪೆಟ್ಟಿಗೆಗೆ ತಲೆ ಹಾಕಿ "ಬೀಗ" ಎಂದು ಒಂದು ಮಾತು ಹೇಳಿ ತಲೆ ತೆಗೆದರು. ಅವರು ಕೇಬಲ್ ಬಿಟ್ಟರು. ಅವರನ್ನು ನೋಡಿ ಮೂರನೆಯ ಮಹಡಿಯವರೂ ಬಿಟ್ಟರು. ಶನಿವಾರ ಕೇಬಲ್‌ನವನೇ ಏಣಿ ಹೊತ್ತು ಬಂದ. ಈ ಮನೆಗೆ ಯಾವನೋ ಎದುರಾಳಿ ಕದ್ದು ಕನೆಕ್ಷನ್ ಕೊಟ್ಟಿದ್ದಾನೆ ಎಂದು ಅವನ ಗುಮಾನಿ. ಗೋಡೆ ತಟ್ಟಿದ, ತಾರಸಿ ಹತ್ತಿದ, ಪೆಟ್ಟಿಗೆಯ ಹಿಂದೆ ಬಗ್ಗಿದ. ಅಲ್ಲಿ ತಂತಿ ಇರಲಿಲ್ಲ, ಅನೌನ್ಸರ್‌ನ ಎರಡು ಕಾಲುಗಳಿದ್ದವು.

"ಸಿಗ್ನಲ್ ಎಲ್ಲಿಂದ ಬರ್ತಿದೆ ಸ್ವಾಮಿ?" ಎಂದು ಕೇಳಿದ.

"ಬಸ್ ಸ್ಟ್ಯಾಂಡಿಂದ," ಎಂದಳು ಅಮ್ಮ. "ಕೂತ್ಕೊಳಪ್ಪ, ಅಡ್ಡ ನಿಲ್ಬೇಡ."

ಕೇಬಲ್‌ನವನು ಕೂತ. ವಾರ್ತೆ ಮುಗಿದಾಗ ಅವನ ಮುಖದಲ್ಲಿ ಗುಮಾನಿ ಹೋಗಿ ಅಸಮಾಧಾನ ಮಾತ್ರ ಉಳಿದಿತ್ತು. ಇಷ್ಟು ಸ್ಪಷ್ಟವಾದ ಚಿತ್ರ ಒಂದೇ ಮನೆಯಲ್ಲಿ ಕೊಳೆಯುವುದು ತನ್ನ ಕಸುಬಿಗೆ ಅವಮಾನ ಎಂದ. ಚಿತ್ರ ಹಂಚಲಾಗದು, ಚಿತ್ರ ಬೇಕಾದವರು ಮೇಲೆ ಬರಬೇಕು, ಆದರೆ ಸೌಂಡ್ ಹಂಚಬಹುದು. ಪೆಟ್ಟಿಗೆಯೊಳಗೆ ಒಂದು ಸಣ್ಣ ಮೈಕು ಸಿಕ್ಕಿಸಿ, ಅಲ್ಲಿಂದ ತಂತಿ ಎಳೆದು, ಮೆಟ್ಟಿಲ ಬಳಿ ಒಂದು, ಬೀದಿಯ ಕಡೆಯ ಕಿಟಕಿಗೆ ಒಂದು ಸ್ಪೀಕರ್ ಕಟ್ಟಿಕೊಟ್ಟ.

ಮರುದಿನವೇ ತಮ್ಮ ಬರುತ್ತೇನೆಂದಿದ್ದ ಭಾನುವಾರ.

ಅಮ್ಮ ಮಧ್ಯಾಹ್ನವೇ ಚೀಲ ತುಂಬಿ ಬಾಗಿಲ ಬಳಿ ಇಟ್ಟಿದ್ದಳು. ಟೀವಿ ಸರಿಯಾಗಿದೆಯಲ್ಲ ಅತ್ತೆ ಎಂದು ಸೊಸೆ ಅಂದಾಗ, ಆಯಿತು ಅಂದುಬಿಟ್ಟಿದ್ದೇನೆ ಎಂದಳು. ಆಮೇಲೆ ಸ್ವಲ್ಪ ಹೊತ್ತು ಮಗನನ್ನೇ ನೋಡಿದಳು. ಮಗ ಪೆಟ್ಟಿಗೆಯ ಧೂಳು ಒರೆಸುತ್ತಿದ್ದ. ಮೂರು ಸಲ ಬಾಯಿ ತೆರೆದು ಮೂರು ಸಲ ಮುಚ್ಚಿದ. ಸಮಾಚಾರ ಯಾವುದೂ ಇರಲಿಲ್ಲ.

ಒಂಬತ್ತರ ವಾರ್ತೆ ಶುರುವಾಗಿತ್ತು. ಕೋಟಿನವರು, ಬೀಗದವರು, ಕೇಬಲ್‌ನವನು ಎಲ್ಲ ನೆರೆದಿದ್ದರು. ಆಗ ತಮ್ಮ ಒಳಗೆ ಬಂದ, ಅತ್ತಿಗೆಯನ್ನು ಮಾತಾಡಿಸಿದ, ಪೆಟ್ಟಿಗೆಯನ್ನು ಕಂಡು ನಿಂತುಬಿಟ್ಟ. ಅವನು ನೂರಾರು ಟೀವಿ ಮಾರಿದವನು. ಮುಂದಿನಿಂದ ನೋಡಿದ, ಬದಿಯಿಂದ ನೋಡಿದ, ಚೌಕದೊಳಗೆ ಕೈ ಹಾಕಿ ಅಣ್ಣನ ಮೂಗು ಮುಟ್ಟಿದ.

"ಅಮ್ಮಾ, ಇದರೊಳಗೆ ಏನೂ ಇಲ್ಲ!"

"ನಿಮ್ಮಣ್ಣ ಇದಾನಲ್ಲ," ಎಂದಳು ಅಮ್ಮ. "ಕೈ ತೆಗಿ, ಪರದೆ ಕೊಳೆಯಾಗತ್ತೆ."

ತಮ್ಮ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಬಾಡಿಗೆ ಕಾರು ಕೆಳಗೆ ಕಾಯುತ್ತಿದೆ, ತನ್ನ ಮನೆಯಲ್ಲಿ ಗೋಡೆಯಗಲ ಪರದೆ ಇದೆ, ಅದರಲ್ಲಿ ಮನುಷ್ಯರ ಮುಖದ ಒಂದೊಂದು ಕೂದಲೂ ಎಣಿಸಬಹುದು, ಇನ್ನು ಏಳು ಎಂದ. ಅಮ್ಮ ಏಳಲಿಲ್ಲ. ಕಾರು ಬಂದಿದೆ ಎಂದು ಯಾರೋ ಹೇಳಿದರೆ ನಂಬಿ ಎದ್ದು ಹೋಗುವ ಕಾಲ ಇದಲ್ಲ ಎಂದಳು.

"ಟೀವಿಲಿ ಹೇಳ್ಲಿ. ಆಮೇಲೆ ಹೊರಡ್ತೀನಿ."

ಎಲ್ಲರೂ ಪೆಟ್ಟಿಗೆಯ ಕಡೆ ತಿರುಗಿದರು. ಅನೌನ್ಸರ್ ಕುತ್ತಿಗೆ ಹೊರಳಿಸಿ ಹಿಂದಿನ ಕಿಟಕಿಯಿಂದ ಕೆಳಗೆ ನೋಡಿದ. ಕಾರು ಮುಂಬಾಗಿಲಿಗೆ ತಾಗಿ ನಿಂತಿತ್ತು. ಡ್ರೈವರ್ ಬಾನೆಟ್ಟಿಗೆ ಒರಗಿದ್ದ. ಅವನ ಗುರುತೂ ಹತ್ತಿತು. ಹಿಂದೆ ನಿಲ್ದಾಣದಲ್ಲಿ ದೂರದೂರಿನ ಬಸ್ಸು ಓಡಿಸುತ್ತಿದ್ದವನು, ನಿವೃತ್ತನಾದ ಮೇಲೆ ಕಾರು ಇಟ್ಟುಕೊಂಡವನು. ಅವನನ್ನೂ ಕಾರನ್ನೂ ಈಗ ಕಣ್ಣಾರೆ ಕಂಡಾಗಿತ್ತು. ಕಂಡದ್ದನ್ನು ಕಾಣಲಿಲ್ಲವೆನ್ನುವುದು ಅನೌನ್ಸರ್‌ನಿಂದ ಸಾಧ್ಯವಿರಲಿಲ್ಲ.

"ಪ್ರಯಾಣಿಕರ ಗಮನಕ್ಕೆ," ಎಂದ. ಧ್ವನಿ ಮೆಟ್ಟಿಲಲ್ಲೂ ಬೀದಿಯಲ್ಲೂ ಕೇಳಿಸಿತು. "ಕಿರಿಯ ಮಗನ ಮನೆಗೆ ಹೋಗುವ ಕಾರು ಮುಂಬಾಗಿಲಲ್ಲಿ ಹೊರಡಲು ಸಿದ್ಧವಾಗಿದೆ."

ಅಮ್ಮ ಬ್ಲೇಡನ್ನು ಡಬ್ಬಿಗೆ ಹಾಕಿದಳು. ಬಿಚ್ಚುತ್ತಿದ್ದ ಬಟ್ಟೆಯನ್ನು ಮಡಚಿ ಸೊಸೆಗೆ ಕೊಟ್ಟಳು. ಎದ್ದು ಚಪ್ಪಲಿಗೆ ಕಾಲು ತೂರಿಸಿದಳು. ತಮ್ಮ ಚೀಲ ಎತ್ತಿದ.

ಅನೌನ್ಸರ್ ಇನ್ನೊಂದು ಸಲ ಹೇಳಬೇಕಾಗಿತ್ತು.

"ಪ್ರಯಾಣಿಕರ ಗಮನಕ್ಕೆ. ಕಿರಿಯ ಮಗನ ಮನೆಗೆ ಹೋಗುವ ಕಾರು," ಎಂದು ನಿಂತ. ಅಷ್ಟು ವರ್ಷಗಳ ನೌಕರಿಯಲ್ಲಿ ಅವನ ಮೊದಲ ಮಾತಿಗೂ ಎರಡನೆಯ ಮಾತಿಗೂ ಒಂದಕ್ಷರ ವ್ಯತ್ಯಾಸ ಬಂದಿರಲಿಲ್ಲ. "ರದ್ದಾಗಿದೆ."

ಅಮ್ಮ ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು ಇಟ್ಟುಕೊಂಡು ತಿರುಗಿ ನೋಡಿದಳು.

"ಯಾಕೆ ರದ್ದು?"

"ಕಾರಣ ಹೇಳೋ ಪದ್ಧತಿ ಇಲ್ಲ," ಎಂದಿತು ಟೀವಿ.

"ಹಾಗಾದ್ರೆ ನಾನು ನಡ್ಕೊಂಡೇ ಹೋಗ್ತೀನಿ." ಇನ್ನೊಂದು ಚಪ್ಪಲಿಯನ್ನು ಕಾಲಿನಿಂದಲೇ ಹುಡುಕಿದಳು.

ಪೆಟ್ಟಿಗೆಯೊಳಗೆ ಅನೌನ್ಸರ್‌ನ ಮುಖ ಕೆಂಪಾಯಿತು. ಚಿತ್ರ ಅಲುಗಾಡುತ್ತಿದೆ ಎಂದು ಕೇಬಲ್‌ನವನು ಪಿಸುಗುಟ್ಟಿದ.

"ಪ್ರಯಾಣಿಕರು," ಎಂದ ಅನೌನ್ಸರ್. "ಪ್ರಯಾಣಿಕರು ಮನೇಲಿ ಬೇಕಾಗಿದಾರೆ."

ಅಮ್ಮನ ಕಾಲು ಚಪ್ಪಲಿ ಹುಡುಕುವುದನ್ನು ಬಿಟ್ಟಿತು.

"ಎರಡು ಸಲ ಹೇಳ್ಬೇಕಲ್ವಾ?" ಎಂದಳು.

"ಪ್ರಯಾಣಿಕರು ಮನೇಲಿ ಬೇಕಾಗಿದಾರೆ."

ಅಮ್ಮ ಚಪ್ಪಲಿ ಬಿಟ್ಟು ಬಂದು ಕೂತಳು. ಸೊಸೆ ಬಟ್ಟೆಯನ್ನು ಮರಳಿ ಅವಳ ಮಡಿಲಿಗೆ ಹಾಕಿದಳು. ನಾನು ಹೋಗಲ್ಲ ಅಂದಿಲ್ಲ, ಕಾರೇ ರದ್ದಾಯಿತಲ್ಲ, ನಾನೇನು ಮಾಡಲಿ ಎಂದು ಅಮ್ಮ ಚಿಕ್ಕ ಮಗನಿಗೆ ಸಮಾಧಾನ ಹೇಳಿದಳು. ಇದೆಲ್ಲ ಸುಳ್ಳು, ಕಾರು ಕೆಳಗೇ ಇದೆ ಎಂದು ತಮ್ಮ ಹಲ್ಲು ಕಡಿಯುತ್ತಾ ಕಿಟಕಿಗೆ ಹೋಗಿ ಬಗ್ಗಿದ.

ಕಾರು ಇರಲಿಲ್ಲ. ಹಳೆಯ ಡ್ರೈವರ್ ಅರ್ಧ ಆಯುಷ್ಯ ಆ ಧ್ವನಿ ಹೇಳಿದಂತೆ ನಡೆದವನು. ನಿಲ್ದಾಣದಲ್ಲಿ ಆ ಧ್ವನಿ ರದ್ದು ಎಂದರೆ ಯಾವ ಡ್ರೈವರೂ ಯಾಕೆಂದು ಕೇಳುತ್ತಿರಲಿಲ್ಲ, ಬಸ್ಸನ್ನು ಡಿಪೋಗೆ ಒಯ್ದು ನಿಲ್ಲಿಸುತ್ತಿದ್ದರು. ಕಿಟಕಿಯ ಸ್ಪೀಕರಿನಲ್ಲಿ ಮಾತು ಕೇಳಿದ್ದೇ ಅವನು ಕಾರು ತಿರುಗಿಸಿ ಮನೆಗೆ ಹೊರಟುಹೋಗಿದ್ದ. ಪ್ರಕಟಣೆ, ಸ್ವಲ್ಪ ತಡವಾಗಿಯಾದರೂ, ನಿಜವಾಗಿತ್ತು.

ತಮ್ಮ ಬೇರೆ ದಾರಿಯಿಲ್ಲದೆ ಕೇಬಲ್‌ನವನ ಪಕ್ಕ ಕೂತ. ಆ ಕೋಟು ಯಾರು, ಅದರ ಮೇಲೇಕೆ ಹೂವಿಟ್ಟಿದ್ದೀರಿ ಎಂದು ಅತ್ತಿಗೆಯನ್ನು ಕೇಳಿ ಹಿಂದಿನ ಕಥೆಯನ್ನೆಲ್ಲ ಹೇಳಿಸಿಕೊಂಡ. ವಾರ್ತೆ ಮುಗಿದು ಜನ ಕುರ್ಚಿ ಎತ್ತಿಕೊಂಡು ಹೋದರು. ಅನೌನ್ಸರ್ ಪೆಟ್ಟಿಗೆಯಿಂದ ತಲೆ ತೆಗೆದು, ಬೆನ್ನು ನೇರ ಮಾಡಿಕೊಂಡು, ಮೇಜು ಸುತ್ತಿ ಈಚೆ ಬಂದ.

"ಬಂದ್ಯಾ?" ಎಂದಳು ಅಮ್ಮ, ಹೊಲಿಗೆಯಿಂದ ಕಣ್ಣೆತ್ತದೆ.

ತಮ್ಮ ಮರುದಿನ ಬೆಳಗಿನ ಮೊದಲ ಬಸ್ಸಿಗೆ ಹೋದ. ಬಸ್ಸು ಕಾಲು ಗಂಟೆ ತಡವಾಗಿ ಹೊರಟಿತು. ಅದನ್ನು ಅಣ್ಣನೇ ಮೈಕಿನಲ್ಲಿ ಎರಡು ಸಲ ಹೇಳಿದ, ಕಾರಣ ಹೇಳಲಿಲ್ಲ.